ಕ್ಯಾಮೆರಾಗೆ ಕಾಲು ತೋರಿಸದ ಅತ್ತೆ

ನಮ್ಮತ್ತೆಗೆ ವ್ಯಾಯಾಮ ಕಲಿಸಿದವರಿಗೆ ಸರ್ಕಾರ ಒಂದು ಪದಕ ಕೊಡಬೇಕು. ಪಕ್ಕದಲ್ಲಿ ವೆಬ್‌ಕ್ಯಾಮ್ ಹಿಡಿದು ಕೂತ ನನಗೆ ಪದಕ ಬೇಡ, ಒಂದು ವಾರ ರಜೆ ಕೊಟ್ಟರೆ ಸಾಕು! ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ಕಿವಿ ನಿಮಿರಿಸಿದವರಿಗೆ ನಿರಾಸೆಯಾಗಬಹುದು. ಇವರು ನನ್ನ ಅಪ್ಪನ ಅಕ್ಕ. ಬಸವೇಶ್ವರನಗರದ ನಮ್ಮ ಮನೆಯ ಕೆಳಗಿನ ಪೋರ್ಷನ್‌ನಲ್ಲಿ ಒಬ್ಬರೇ ಇದ್ದರು. ಮೇಲೆ ನಾವು.

ತೀರಾ ಚಿಕ್ಕವರಿದ್ದಾಗಲೇ ಪೋಲಿಯೋ ಬಂದು ಅವರ ಎಡಗಾಲು ಸೊರಗಿತ್ತು. ಎಡಗೈಯನ್ನು ತೊಡೆಗೆ ಒತ್ತಿ ಹಿಡಿದು ಹೆಜ್ಜೆ ಹಾಕುತ್ತಿದ್ದರು. ಹಾಗೆ ನಡೆದುಕೊಂಡೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತರಾದರು. ಅವರ ದನಿ ಊರಿಗೆಲ್ಲ ಗೊತ್ತು. ಅವರ ಕಾಲನ್ನು ಮಾತ್ರ ಮನೆಯವರಾದ ನಾವೂ ಕಂಡವರಲ್ಲ. ಸೀರೆಯ ಅಂಚು ಸದಾ ನೆಲ ಮುಟ್ಟುತ್ತಿತ್ತು. "ನಮ್ಮನೆಗೆ ಕಸ ಗುಡಿಸೋರು ಬೇಡ ಕಣೇ, ನಾನು ಒಂದು ರೌಂಡ್ ಹೊಡೆದ್ರೆ ಸಾಕು" ಎಂದು ತಾವೇ ನಗುತ್ತಿದ್ದರು.

ಅಂಥವರ ಭುಜ ಒಂದು ದಿನ ಮುಷ್ಕರ ಹೂಡಿತು. ಇಷ್ಟು ವರ್ಷ ಕಾಲಿನ ಕೆಲಸವನ್ನೂ ಮಾಡಿದ ಕೈ ಸೋತಿತ್ತು. ಬಚ್ಚಲಲ್ಲಿ ಜಾರಿಯೂ ಬಿದ್ದರು. ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ಸೊಂಟದಲ್ಲಿ, ತೊಡೆಯಲ್ಲಿ ಉಳಿದಿರುವ ಶಕ್ತಿಯನ್ನು ವ್ಯಾಯಾಮ ಮಾಡಿ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರೇ ಇರುವ ಹಾಗಿಲ್ಲ, ಏಳಲು ಕೂರಲು ಸ್ನಾನಕ್ಕೆ ಎಲ್ಲದಕ್ಕೂ ಆಳು ಬೇಕು. ಅತ್ತೆಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನು? ತಮ್ಮ ಬಾಗಿಲಿನ ಚಿಲಕ ತಾವೇ ತೆಗೆಯಬೇಕು, ತಮ್ಮ ಫೋನು ತಾವೇ ಎತ್ತಬೇಕು ಎನ್ನುವ ಹೆಂಗಸು!

ವಿಜಯನಗರದಲ್ಲಿ ಒಂದು ಫಿಸಿಯೋಥೆರಪಿ ಕ್ಲಿನಿಕ್ ಹುಡುಕಿದೆವು. ಕಾಲು ಸೋತವರನ್ನು ನಡೆಸುವ ಆ ಕ್ಲಿನಿಕ್ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ! "ಮೆಟ್ಟಿಲು ಹತ್ತೋಕಾಗಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?" ಎಂದು ಅತ್ತೆ ಆಟೋದಿಂದಲೇ ಕೇಳಿದರು. ಈ ಪ್ರಶ್ನೆಯನ್ನು ಇನ್ನೂ ಹಲವರು ಕೇಳಿರಬೇಕು, ಆ ಕ್ಲಿನಿಕ್‌ನವರು ಮನೆಯಲ್ಲೇ ಕಂಪ್ಯೂಟರ್ ಮುಂದೆ ಮಾಡುವ ವ್ಯಾಯಾಮದ ಕ್ಲಾಸನ್ನೂ ಶುರು ಮಾಡಿದ್ದರು. ಬ್ರಾಡ್‌ಬ್ಯಾಂಡ್ ಆಗಷ್ಟೇ ನಮ್ಮ ರಸ್ತೆಗೆ ಬಂದಿತ್ತು. ನನ್ನ ಕಂಪ್ಯೂಟರ್ ಕೆಳಗಿಳಿಯಿತು, ಅದರ ಹಿಂದೆಯೇ ನಾನೂ ಇಳಿದೆ.

ಕಲಿಸುವವಳು ಧಾರವಾಡದ ಕಡೆಯ ಹುಡುಗಿ. ತೆರೆಯ ಮೇಲೆ ಚೌಕಗಳು. ಒಂದರಲ್ಲಿ ಅವಳು, ಉಳಿದವುಗಳಲ್ಲಿ ಅತ್ತೆಯಂಥ ವಿದ್ಯಾರ್ಥಿಗಳು. ಅತ್ತೆಯ ಪಾಲಿಗೆ ಇದೂ ಒಂದು ಟ್ರಂಕ್ ಕಾಲೇ. ಯಾರಾದರೂ ತಮ್ಮ ಸೊಂಟನೋವಿನ ಪುರಾಣ ಬಿಚ್ಚಿದರೆ ಗಡಿಯಾರ ನೋಡಿ, ಮೂರು ನಿಮಿಷಕ್ಕೊಮ್ಮೆ ಲೈನಿನ ನಡುವೆ ಬಾಯಿ ಹಾಕುತ್ತಿದ್ದ ಹಳೆಯ ಆಪರೇಟರ್ ದನಿಯಲ್ಲಿ, "ಮೂರು ನಿಮಿಷ ಆಯ್ತು ಸಾರ್, ಮುಂದುವರಿಸ್ತೀರಾ?" ಎನ್ನುವರು. ಆಸಾಮಿ ಗಾಬರಿಬಿದ್ದು ಬಾಯಿ ಮುಚ್ಚುವನು!

ಎಲ್ಲ ಸರಿ, ಕಾಲು?

"ಅಮ್ಮಾರ, ಕಾಲು ನನಗ ಕಾಣೋಹಂಗ ಚಾಚ್ರಿ."

"ಗುರುಗಳಿಗೆ ಕಾಲು ತೋರಿಸೋದಾ? ಆಗಲ್ಲಮ್ಮ."

"ನಾ ಎಲ್ಲೀ ಗುರು ರೀ? ನಿಮ್ಮ ಮಗಳಿದ್ದಂಗ."

"ಮಗಳಾದ್ರೆ ಇನ್ನೂ ಆಗಲ್ಲ. ಹೆಣ್ಮಕ್ಕಳು ಅಂದ್ರೆ ಲಕ್ಷ್ಮಿ."

ಸಾಲದ್ದಕ್ಕೆ ಆಯುಧ ಪೂಜೆಯ ದಿನ ಮಾನಿಟರಿನ ನೆತ್ತಿಗೆ ಇಟ್ಟ ಕುಂಕುಮ ಹಾಗೇ ಇತ್ತು. ಪೂಜೆ ಮಾಡಿಸಿಕೊಂಡ ವಸ್ತುವಿನತ್ತ ಕಾಲು ಚಾಚುವುದುಂಟೇ? ನಾನು ಮಹಾ ಜಾಣೆಯಂತೆ ಚಾಪೆಯನ್ನೇ ತಿರುಗಿಸಿ ಹಾಸಿದೆ. ತಲೆ ಕಂಪ್ಯೂಟರಿನ ಕಡೆಗೆ, ಕಾಲು ಗೋಡೆಯ ಕಡೆಗೆ. "ತುರುಬು ಭಾಳ ಛಂದ ಕಾಣಸ್ತದ್ರಿ. ಅದಕ್ಕೇನೂ ವ್ಯಾಯಾಮ ಬ್ಯಾಡ" ಎಂದಳು ಧಾರವಾಡದವಳು.

ಆಮೇಲೆ ಅತ್ತೆ ಹೂಡಿದ ಉಪಾಯವನ್ನು ಹೇಳಲು ನನಗೇ ನಾಚಿಕೆ. ತಾವು ಮಂಚದ ಮೇಲೆ ಕೂತು ಮಡಿಲಿಗೆ ಹೊದಿಕೆ ಎಳೆದುಕೊಂಡರು. ಅವರ ಬೆನ್ನ ಹಿಂದೆ ಅಡಗಿ ಮಲಗಿದ ನಾನು ಹೊದಿಕೆಯಡಿಯಿಂದ ನನ್ನ ಕಾಲನ್ನು ಹೊರಗೆ ಚಾಚಬೇಕು!

"ಅತ್ತೆ, ನನ್ನ ಕಾಲು ಗುರುಗಳಿಗೆ ಕಂಡ್ರೆ ಪಾಪ ಬರಲ್ವಾ?"

"ನಿನಗಿನ್ನೂ ಚಿಕ್ಕ ವಯಸ್ಸು ಕಣೇ, ಪ್ರಾಯಶ್ಚಿತ್ತಕ್ಕೆ ಬೇಕಾದಷ್ಟು ಟೈಮ್ ಇದೆ. ಎತ್ತು!"

ಎತ್ತಿದೆ. ಇಳಿಸಿದೆ. ಮತ್ತೆ ಎತ್ತಿದೆ. "ಅಬಬಾ! ಒಂದ ವಾರದಾಗ ಎಷ್ಟ ಸುಧಾರಣಾ ರೀ!" ಎಂದು ಆಕೆ ಕೊಂಡಾಡಿದಳು. ಅತ್ತೆ ವಿನಯದಿಂದ ತಲೆ ಬಾಗಿಸಿದರು. "ಆದ್ರ ಅಮ್ಮಾರ, ಉಗುರಿಗೆ ಕೆಂಪು ಬಣ್ಣ ಯಾವಾಗ ಹಚ್ಚಿದ್ರಿ?"

ಎಲ್ಲ ಚೌಕಗಳೂ ಬಿದ್ದು ಬಿದ್ದು ನಕ್ಕವು. ನಾನೂ ನಕ್ಕೆ. ಆದರೆ ಅದೇ ಸಂಜೆ ಅತ್ತೆ ಕುರ್ಚಿಯಿಂದೇಳಲು ಹೋಗಿ ಮತ್ತೆ ಕುಸಿದು ಕೂತದ್ದನ್ನು ಕಂಡು ನನಗೆ ಭಯವಾಯಿತು, ಸಿಟ್ಟೂ ಬಂತು. "ನಾಳೆ ಯಾರೋ ಬಂದು ನಿಮಗೆ ಸ್ನಾನ ಮಾಡಿಸ್ತಾರಲ್ಲ, ಅವರಿಗೂ ಕಾಲು ತೋರಿಸಲ್ವಾ?" ಎಂದುಬಿಟ್ಟೆ. ಅತ್ತೆ ಸೀರೆಯ ಅಂಚನ್ನು ಇನ್ನಷ್ಟು ಕೆಳಗೆಳೆದುಕೊಂಡರು.

ಮುಂದಿನ ವಾರ ಕೆಂಗೇರಿಯ ಹುಡುಗಿಯೊಬ್ಬಳು ಕ್ಲಾಸಿಗೆ ಸೇರಿದಳು. ಸ್ಕೂಟರಿನಿಂದ ಬಿದ್ದು ಅವಳ ಒಂದು ಕಾಲಿನ ಶಕ್ತಿ ಹೋಗಿತ್ತಂತೆ. ಅವಳ ಚೌಕದಲ್ಲಿ ಕಾಣುತ್ತಿದ್ದದ್ದು ಮಾತ್ರ ಸೀಲಿಂಗ್ ಫ್ಯಾನು. "ಕ್ಯಾಮೆರಾ ಸ್ವಲ್ಪ ಕೆಳಗ ಮಾಡವಾ" ಎಂದು ಧಾರವಾಡದವಳು ಎಷ್ಟು ಹೇಳಿದರೂ ಫ್ಯಾನು ಜರುಗಲಿಲ್ಲ. ಎರಡು ದಿನ ಎಲ್ಲರೂ ಆ ಫ್ಯಾನನ್ನೇ ನೋಡಿದೆವು. ಮೂರನೇ ದಿನ ಅತ್ತೆ ತಟ್ಟನೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಜೀವಮಾನವಿಡೀ ತಂತಿಯಾಚೆಯ ಉಸಿರು ಕೇಳಿದ ಕಿವಿ ಅದು!

"ಅಳ್ತಿದೀಯೇನೇ ಮರಿ?"

ಫ್ಯಾನಿನ ಹಿಂದಿನಿಂದ ಬಿಕ್ಕುವ ಸದ್ದು ಈಗ ನಮಗೂ ಕೇಳಿಸಿತು. "ನೋಡೋಕಾಗಲ್ಲ ಆಂಟಿ, ಕಡ್ಡಿ ಥರ ಆಗ್ಬಿಟ್ಟಿದೆ. ಅಮ್ಮನಿಗೂ ತೋರಿಸ್ತಿಲ್ಲ."

ಅತ್ತೆ ಕುಂಕುಮದ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಸೀರೆಯನ್ನು ಮಂಡಿಯವರೆಗೆ ಎತ್ತಿದರು. ಎಳೆ ಮಗುವಿನ ತೋಳಿನಷ್ಟೇ ಇದ್ದ, ಬಿಸಿಲನ್ನೇ ಕಾಣದ ಆ ಕಾಲನ್ನು ನಾನೂ ಅವತ್ತೇ ಮೊದಲು ನೋಡಿದ್ದು.

"ನೋಡು, ನಂದೂ ಹೀಗೇ ಇದೆ. ಗುರು, ಲಕ್ಷ್ಮಿ ಅಂತೆಲ್ಲ ನೆಪ ಹೇಳ್ಕೊಂಡು ಬಚ್ಚಿಟ್ಟಿದ್ದೆ. ಬಚ್ಚಿಟ್ಟು ಬಚ್ಚಿಟ್ಟು ಸಾಕಾಯ್ತು ಕಣೇ. ನಿನ್ನ ಫ್ಯಾನ್ ನೋಡಿ ನೋಡಿನೂ ಸಾಕಾಯ್ತು. ಇಳಿಸು."

ಫ್ಯಾನು ಜರುಗಿತು. ಗೋಡೆ ಬಂತು, ಒಂದು ಕ್ಯಾಲೆಂಡರ್ ಬಂತು, ಅತ್ತು ಕೆಂಪಾದ ಮುಖ ಬಂತು, ಕೊನೆಗೆ ಒಂದು ಬಡಕಲು ಕಾಲು. ಇಬ್ಬರೂ ಒಟ್ಟಿಗೆ ಎತ್ತಿದರು. ಅತ್ತೆಯದು ನೆಲ ಬಿಟ್ಟದ್ದು ಬೆರಳಿನಷ್ಟು ಎತ್ತರ, ಅದೂ ಗಡಗಡ ನಡುಗುತ್ತಾ. ನನ್ನ ಕಣ್ಣು ತುಂಬಿ ತೆರೆಯೆಲ್ಲ ಮಂಜಾಯಿತು.

ಕ್ಲಾಸು ಮುಗಿದರೂ ಹುಡುಗಿ ಮಾತಾಡುತ್ತಲೇ ಇದ್ದಳು. ಬಿದ್ದದ್ದು, ಕಾಲೇಜು ಬಿಟ್ಟದ್ದು, ಗೆಳತಿಯರಿಗೆ ಮುಖ ತೋರಿಸದೇ ಇದ್ದದ್ದು. ನಾನು ಮೆಲ್ಲಗೆ ಅತ್ತೆಯ ಭುಜ ಮುಟ್ಟಿ, "ಮೂರು ನಿಮಿಷ ಆಗಿ ಎಷ್ಟೊತ್ತಾಯ್ತು ಅತ್ತೆ" ಎಂದೆ.

"ಸುಮ್ನಿರೇ. ಲೈನ್ ಇರ್ಲಿ" ಎಂದರು. ಸೀರೆ ಇಳಿಸಿಕೊಳ್ಳುವುದನ್ನು ಮರೆತೇಬಿಟ್ಟಿದ್ದರು.