ನಕ್ಷೆರಾಯರ ಗೆರೆ

ಈ ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಡಬ್ಬಿ ಸುಣ್ಣದ ಪುಡಿ.

ಡಬ್ಬಿಯ ಒಡೆಯರನ್ನು ಆ ಮೂರಂತಸ್ತಿನ ಕಟ್ಟಡದವರೆಲ್ಲ ನಕ್ಷೆರಾಯರು ಎಂದು ಕರೆಯುತ್ತಿದ್ದರು. ಹಗಲೆಲ್ಲ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಮುಂದಲೆಯ ಕೂದಲು ಹಿಂದಕ್ಕೆ ಸರಿಯತೊಡಗಿದ ವಯಸ್ಸಿನಲ್ಲಿ ಅವರಿಗೆ ಓದಿನ ಹುಚ್ಚು ಹತ್ತಿ, ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆಯ ಎಂ.ಎ.ಗೆ ಸೇರಿಬಿಟ್ಟಿದ್ದರು. ಬೀದಿ, ಅಂಗಳ, ಮೆಟ್ಟಿಲು ಹೇಗಿದ್ದರೆ ಜನ ಹೇಗೆ ಓಡಾಡುತ್ತಾರೆ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಅದರಲ್ಲಿ 'ಇತ್ತೀಚಿನ ಅಂತಾರಾಷ್ಟ್ರೀಯ ಸಂಶೋಧನೆ' ಎಂಬ ವಿಷಯವೊಂದು ಮಾತ್ರ ರಾಯರ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಹೊರದೇಶದ ಯಾವುದಾದರೂ ಹೊಸ ಸಂಶೋಧನೆ ಆರಿಸಿಕೊಂಡು, ಅದು ನಿಮ್ಮ ಮನೆಯ ಮುಂದೆ ನಿಲ್ಲುತ್ತದೋ ಬೀಳುತ್ತದೋ ತೋರಿಸಿ ಎಂಬುದು ಪ್ರೊಫೆಸರಮ್ಮನ ಕಟ್ಟಪ್ಪಣೆ. ಹಿಂದಿನ ಸಲ ಸಂಶೋಧನೆ ನಿಂತಿತ್ತು, ರಾಯರು ಬಿದ್ದಿದ್ದರು.

ಈ ಸಲವೂ ಬಿದ್ದರೆ ಏನಾಗುತ್ತದೆ ಎಂಬುದನ್ನು ಹೆಂಡತಿ ಮೊದಲೇ ತೀರ್ಮಾನಿಸಿದ್ದಳು. ರಾಯರ ಓದುವ ಮೇಜು ಕೋಣೆಯಿಂದ ಹೊರಗೆ, ನಡುಮನೆಯಲ್ಲಿ ಎಲ್ಲರ ಕಾಲಿಗೆ ತಗಲುವ ರಾಯರ ಅತ್ತೆಯ ಮಂಚ ಒಳಗೆ. ಅತ್ತೆಯಂತೂ ಆಗಲೇ ಕೋಣೆಯ ಕಿಟಕಿಗೆ ಪರದೆ ಹೊಲಿಸಿಟ್ಟಿದ್ದರು.

ರಾಯರು ಹಿಡಿದ ಸಂಶೋಧನೆ ಹೇಳುವುದಿಷ್ಟು: ಬಯಲಲ್ಲಿ ಜನ ನೇರ ನಡೆಯುವುದಿಲ್ಲ, ನೆರಳಿಗೆ ಓಲುತ್ತಾರೆ, ಕಿಟಕಿಯ ಕಣ್ಣು ತಪ್ಪಿಸುತ್ತಾರೆ. ಗೇಟಿನಿಂದ ಮೆಟ್ಟಿಲವರೆಗಿನ ಅಂಗಳದ ಅಳತೆಯನ್ನೆಲ್ಲ ರಾಯರು ಕಂಪ್ಯೂಟರಿಗೆ ಉಣಿಸಿದರು. ಅದು ತೂಕಡಿಸುತ್ತ ಎಳೆದಂಥ ಒಂದು ಡೊಂಕು ದಾರಿಯನ್ನು ಕಕ್ಕಿತು. ಬೇಲಿಯ ಬದಿಗೆ ಹೋಗಿ, ಮರ ಸುತ್ತಿ, ನಲ್ಲಿಯ ಹಿಂದೆ ತಿರುಗಿ ಮೆಟ್ಟಿಲು. ಜನ ನಿಜಕ್ಕೂ ಹೀಗೆ ನಡೆಯುತ್ತಾರೆಯೇ? ಬಾಲ್ಕನಿಯಿಂದ ಹೋಲಿಸಿ ನೋಡಲು ಸುಲಭವಾಗಲಿ ಎಂದು, ಬೆಳಕು ಹರಿಯುವ ಮುಂಚೆಯೇ ಅಂಗಳಕ್ಕಿಳಿದು ಆ ದಾರಿಯನ್ನು ಸುಣ್ಣದ ಪುಡಿಯಲ್ಲಿ ಬರೆದು ಬಂದರು.

ಮೊದಲು ಹೊರಟವರು ಕೆಳಮನೆಯ ನಿವೃತ್ತ ಸ್ಟೇಷನ್ ಮಾಸ್ಟರು. ಗೆರೆಯ ಬುಡದಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಹಳಿಗೆ ಬಿದ್ದ ಗಾಡಿಯ ಹಾಗೆ ನಲ್ಲಿ ದಾಟಿ, ಮರ ಸುತ್ತಿ, ಗೇಟು ಮುಟ್ಟಿದರು. ಬಾಲ್ಕನಿಯಲ್ಲಿದ್ದ ರಾಯರು ಫೋನು ಎತ್ತಿ ಹಿಡಿದರು. ಹಿಂದೆಯೇ ಟೈಲರಮ್ಮ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ, ಪೇಪರಿನವನು. ಒಬ್ಬರೂ ಗೆರೆ ಬಿಟ್ಟು ಕಾಲಿಡಲಿಲ್ಲ. ರಾಯರು ಎಲ್ಲವನ್ನೂ ಫೋನಿನಲ್ಲಿ ಚಿತ್ರ ಹಿಡಿದು, ಒಳಗೆ ಬಂದು ಅತ್ತೆಯ ಎದುರಲ್ಲೇ ಎರಡು ಹೆಜ್ಜೆ ಕುಣಿದರು. ಅತ್ತೆ ಪರದೆಯನ್ನು ಮಡಿಸಿ ಮತ್ತೆ ಪೆಟ್ಟಿಗೆಯೊಳಗಿಟ್ಟರು.

ಆದರೆ ಕೆಳಗೆ ಗದ್ದಲ ಎದ್ದಿತ್ತು. ಮತ್ತೆ ಹೊರಟ ಟೈಲರಮ್ಮನಿಗೂ ಬರುವ ಗ್ಯಾಸ್ ಸಿಲಿಂಡರಿನವನಿಗೂ ಮರದ ಬುಡದಲ್ಲಿ ಮುಖಾಮುಖಿಯಾಗಿ, ಯಾರು ಹಿಂದೆ ಸರಿಯಬೇಕೆಂದು ಜಟಾಪಟಿ. ಸಿಲಿಂಡರು ಹೆಗಲ ಮೇಲೆ, ಸಿಟ್ಟು ಮೂಗಿನ ಮೇಲೆ. ಸ್ಟೇಷನ್ ಮಾಸ್ಟರು ನಡುವೆ ನಿಂತು ಕೈ ಬೀಸಿ ಟೈಲರಮ್ಮನನ್ನು ನಲ್ಲಿಯವರೆಗೆ ಹಿಮ್ಮುಖವಾಗಿ ಕಳಿಸುತ್ತಿದ್ದರು. ರಾಯರು ಅದನ್ನೂ ಬಾಲ್ಕನಿಯಿಂದ ಫೋನಿನಲ್ಲಿ ಹಿಡಿದು ಇಳಿದು ಬಂದರೆ ಟೈಲರಮ್ಮ ಅವರನ್ನೇ ಹಿಡಿದಳು.

"ಓದಿದೋರು ನೀವು, ನೀವೇ ಹೇಳಿ. ಈ ಗೆರೆ ಯಾಕೆ ಹಾಕಿದ್ದಾರೆ? ಆಚೆ ಕಡೆ ನೆಲ ಕುಸಿಯುತ್ತಂತೆ, ಹೌದಾ?"

ರಾಯರಿಗೆ ಆಗ ಹೊಳೆಯಿತು. ಇವರು ನಡೆದದ್ದು ನೆರಳಿಗೂ ಅಲ್ಲ, ಕಿಟಕಿಗೂ ಅಲ್ಲ. ಗೆರೆ ಇದೆ ಎಂದು ನಡೆದಿದ್ದರು. ಮೇಲೆ ಹೋಗಿ ಪೊರಕೆ ತಂದು ಗುಡಿಸಲು ಬಗ್ಗಿದರು. ಒಂದು ಮಾರು ಅಳಿಸುವಷ್ಟರಲ್ಲಿ ಸ್ಟೇಷನ್ ಮಾಸ್ಟರು ಪೊರಕೆಯ ಮೇಲೆ ಕಾಲಿಟ್ಟು ನಿಂತರು.

"ಯಾರೋ ತಿಳಿದೋರು ಯೋಚನೆ ಮಾಡಿ ಹಾಕಿರ್ತಾರೆ. ಅಳಿಸೋಕೆ ನೀವ್ಯಾರು?"

"ಸ್ವಾಮಿ, ಹಾಕಿದ್ದೇ ನಾನು."

ಸುತ್ತ ನಿಂತವರು ನಕ್ಕರು. ಬಾಲ್ಕನಿಯಿಂದ ಹೆಂಡತಿಯ ದನಿ ಬಂತು. "ಬಟ್ಟೆ ಒಣಹಾಕೋ ಹಗ್ಗ ನೆಟ್ಟಗೆ ಕಟ್ಟೋಕೆ ಬರಲ್ಲ ಇವರಿಗೆ. ಗೆರೆ ಹಾಕಿದ್ರಂತೆ." ಪೊರಕೆ ಸ್ಟೇಷನ್ ಮಾಸ್ಟರ ವಶವಾಯಿತು.

ಕಚೇರಿಗೆ ರಜೆ ಹಾಕಿದ್ದ ರಾಯರು ಮಧ್ಯಾಹ್ನ ತರಗತಿಯಲ್ಲಿ ಚಿತ್ರವನ್ನು ತೋರಿಸಿದರು. ಸಂಶೋಧನೆ ನೂರಕ್ಕೆ ನೂರು ನಿಂತಿತು ಎಂದು ಹೇಳಿ ಕೂತುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಪರದೆಯ ಮೇಲೆ ಟೈಲರಮ್ಮ ಹಿಮ್ಮುಖವಾಗಿ ಮರ ಸುತ್ತುವುದನ್ನು ಕಂಡು ಅವರಿಗೇ ನಗು ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಪ್ರೊಫೆಸರಮ್ಮ ಕಣ್ಣೊರೆಸಿಕೊಂಡು ನಕ್ಕರು.

"ನಿಜ ಹೇಳಿದ್ರಿ, ಅದಕ್ಕೆ ಇನ್ನೊಂದು ದಿನ ಕೊಡ್ತೀನಿ. ಗೆರೆ ಪೂರ್ತಿ ಅಳಿಸಿ, ನಾಳೆ ಅದೇ ಅಂಗಳವನ್ನ ನೋಡಿಕೊಂಡು ಬನ್ನಿ. ಬೇರೆ ಜಾಗ ಬೇಡ."

ರಾಯರು ಮನೆಗೆ ಫೋನಿನಲ್ಲಿ ಪ್ರೊಫೆಸರಮ್ಮನ ಮಾತು ತಿಳಿಸಿ, ಗಾಳಿಯಲ್ಲಿ ತೇಲುತ್ತ ಹೊರಟರು. ದಾರಿಯಲ್ಲಿ ಗಟ್ಟಿಯಾದ ಹೊಸ ಪೊರಕೆಯೊಂದನ್ನು ಕೊಂಡು ಬಂದೂಕಿನಂತೆ ಹೆಗಲಿಗೇರಿಸಿದರು. ಸಿಳ್ಳೆ ಹಾಕುತ್ತ ಗೇಟು ತೆರೆದರು. ಮೂಗಿಗೆ ಘಾಟು ಬಡಿಯಿತು.

ಗೆರೆ ಹಳದಿಯಾಗಿತ್ತು.

ಮೆಟ್ಟಿಲ ಬಳಿ ಪೇಂಟರು ಕುಂಚ ಒರೆಸುತ್ತಿದ್ದ. ಬೆಳಿಗ್ಗೆ ಯಾರೋ ಗೆರೆ ಅಳಿಸಲು ಬಂದಿದ್ದರಂತೆ. ಹೀಗೆ ಬಿಟ್ಟರೆ ಉಳಿಯುವುದಿಲ್ಲವೆಂದು ಎಲ್ಲರೂ ಸೇರಿ, ಒಮ್ಮತದಿಂದ ಇದನ್ನು ಕಾಯಂ ಮಾಡಿಸಿದರಂತೆ. ಕಟ್ಟಡದವರು ಒಮ್ಮತಕ್ಕೆ ಬಂದದ್ದು ಇದೇ ಮೊದಲಂತೆ.

"ಎರಡು ಕೋಟು ಹೊಡೆದಿದ್ದೀನಿ ಸಾರ್. ರಸ್ತೆಗೆ ಹಾಕೋ ಬಣ್ಣ. ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

ರಾಯರು ಕೈಯಲ್ಲಿನ ಪೊರಕೆಯನ್ನೊಮ್ಮೆ, ಬಣ್ಣವನ್ನೊಮ್ಮೆ ನೋಡಿದರು. ಕಾಲು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. ತಲೆ ತಗ್ಗಿಸಿ ಮನೆಯತ್ತ ನಡೆದರು. ಮೆಟ್ಟಿಲಿಗೆ ಕಾಲಿಡುವಾಗ ಯಾಕೋ ಹಿಂತಿರುಗಿ ನೋಡಿದರು. ಗೇಟಿನಿಂದ ಮೆಟ್ಟಿಲಿಗೆ ನೇರವಾಗಿ ಬಂದಿದ್ದರೆ ನಾಲ್ಕು ಹೆಜ್ಜೆ. ತಾವು ಬೇಲಿಯ ಬದಿಗೆ ಹೋಗಿ, ಮರ ಸುತ್ತಿ, ನಲ್ಲಿಯ ಹಿಂದಿನಿಂದ ತಿರುಗಿ ಬಂದಿದ್ದರು.

ಕುರ್ಚಿ ಹಾಕಿಕೊಂಡು ಕೂತಿದ್ದ ಸ್ಟೇಷನ್ ಮಾಸ್ಟರು ತಲೆದೂಗಿದರು. "ಈಗ ನೋಡಿ, ಎಷ್ಟು ಚೆನ್ನಾಗಿ ಬಂದ್ರಿ."

ರಾಯರಿಗೆ ನಗು ಉಕ್ಕಿತು. ಪೇಂಟರನ್ನು ಬಾಲ್ಕನಿಯಿಂದ ಕಂಡು, ರಾಯರು ಈ ಸಲವೂ ಬಿದ್ದರೆಂದು ತಿಳಿದ ಅತ್ತೆ ಮೇಲೆ ಮಂಚ ಎಳೆಯಲು ಶುರುಮಾಡಿದ್ದರು. ಮುದುಕಿ ಒಬ್ಬಳೇ ಒದ್ದಾಡುವ ಸದ್ದು. ರಾಯರು ಹೊಸ ಪೊರಕೆಯನ್ನು ಗೋಡೆಗೆ ಒರಗಿಸಿ, ಮಂಚದ ಇನ್ನೊಂದು ತುದಿ ಹಿಡಿಯಲು ಮೆಟ್ಟಿಲು ಹತ್ತಿದರು.