ದಾರ್ಸೈಟ್ ಕ್ಷೇತ್ರದ ಉಪಚುನಾವಣೆಗಳು

ಒಮಾನಿನ ದಾರ್ಸೈಟ್ ಬಡಾವಣೆಯ 'ಕಡಲಾಚೆ ಕನ್ನಡ ಬಳಗ'ದ ಚುನಾವಣಾ ಇತಿಹಾಸವು ಸಾವಿರದ ಎಂಟುನೂರ ಎಂಬತ್ತೊಂಬತ್ತನೇ ಇಸವಿಯಲ್ಲಿ, ಇಂಗ್ಲೆಂಡಿನ ಒಂದು ಕೌಂಟಿಯಲ್ಲಿ ಆರಂಭವಾಗುತ್ತದೆ. ಬಳಗಕ್ಕೆ ಸ್ವಂತದ ಇತಿಹಾಸ ಇಲ್ಲದಿದ್ದುದರಿಂದ ಇದಕ್ಕೆ ಯಾರ ಆಕ್ಷೇಪಣೆಯೂ ಬಂದಿಲ್ಲ.

ಅಧ್ಯಕ್ಷ ರಾಜಗೋಪಾಲ ಮೈಸೂರಿನವರು. ಕಂಪನಿ ಕೆಲಸದ ಮೇಲೆ ಒಂದು ಚಳಿಗಾಲ ಆ ಕೌಂಟಿಯಲ್ಲಿದ್ದಾಗ, ಹೊರಗೆ ಕಾಲಿಡಲಾಗದೆ, ಅಲ್ಲಿನ ಕೌಂಟಿ ಕೌನ್ಸಿಲಿನ, ಅಂದರೆ ಜಿಲ್ಲಾ ಪರಿಷತ್ತಿನ, ಚುನಾವಣೆಗಳ ಚರಿತ್ರೆಯನ್ನು ಪೂರ್ತಿ ಓದಿ ಮುಗಿಸಿದ್ದರು. ಮರಳಿ ಬಂದವರೇ ಅದನ್ನು ಬಳಗಕ್ಕೆ ಅಳವಡಿಸಿದರು. ಒಮಾನಿನ ಕನ್ನಡಿಗರನ್ನು ಕ್ಷೇತ್ರಗಳಾಗಿ ಹಂಚಲಾಯಿತು. ಇಬ್ರಾ ಕ್ಷೇತ್ರದಲ್ಲಿದ್ದದ್ದು ಒಂದೇ ಸಂಸಾರ. ಅಲ್ಲಿ ಲತೇಶ್ ಎಂಬವರ ಹೆಸರನ್ನು ಅವರ ಹೆಂಡತಿ ಸೂಚಿಸಿ, ತಾವೇ ಅನುಮೋದಿಸಿ, ಅವಿರೋಧವಾಗಿ ಗೆಲ್ಲಿಸಿದರು. ಮತದಾನ ಮೇ ತಿಂಗಳ ಮೊದಲ ಗುರುವಾರ ಎಂದಾಯಿತು. ಇಲ್ಲಿ ರಜೆ ಇರುವುದು ಶುಕ್ರವಾರ ಮತ್ತು ಶನಿವಾರ; ಗುರುವಾರ ಎಲ್ಲರಿಗೂ ಡ್ಯೂಟಿ ಎಂದು ಯಾರೋ ನೆನಪಿಸಿದರು. ರಜೆ ನೋಡಿಕೊಂಡು ಇತಿಹಾಸ ನಡೆಯುವುದಿಲ್ಲವೆಂದು ಅಧ್ಯಕ್ಷರು ವಿವರಿಸಿದರು.

ವಾರಿಜಾಕ್ಷಿಗೆ ಬೇಕಾಗಿದ್ದದ್ದು ಇತಿಹಾಸವಲ್ಲ, ಒಳಗಿನ ಕೋಣೆ. ದಾರ್ಸೈಟಿನಲ್ಲಿದ್ದ ಬಳಗದ ಫ್ಲಾಟಿನಲ್ಲಿ ಶನಿವಾರ ಮಕ್ಕಳಿಗೆ ಕನ್ನಡ ಕಲಿಸುವವಳು ಅವಳೇ. ಪಾಠ ನಡೆಯುವ ಹೊರಕೋಣೆಯ ಎಸಿ ಬಿಸಿಗಾಳಿಯನ್ನಷ್ಟೇ ಊದುತ್ತಿತ್ತು. ಏಪ್ರಿಲ್ ಬಂತೆಂದರೆ ಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದರು. ಉಳಿದವರಲ್ಲಿ ಆಶಿತಾ ಎಂಬವಳು ಬರೆಯುವುದನ್ನು ನಿಲ್ಲಿಸಿ, "ಮ್ಯಾಮ್, ಐ ಆ್ಯಮ್ ಮೆಲ್ಟಿಂಗ್" ಎಂದು ತಿಳಿಸಿದಳು. ಹೀಗೇ ಆದರೆ ಈ ಬೇಸಿಗೆಗೆ ತರಗತಿಯೇ ಖಲಾಸ್.

ಒಳಕೋಣೆಯ ಎಸಿ ಹೊಸದು. ಆದರೆ ಆ ಕೋಣೆ ಶಾಶ್ವತ ಮತಗಟ್ಟೆ. ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದವರೆಗೆ ಬಾಗಿಲು ತೆರೆದು, ಮತಪತ್ರ ಸೆಖೆಗೆ ಸುರುಟಿಕೊಳ್ಳದಂತೆ ಎಸಿ ಹಾಕಿಡಬೇಕು. ಉಳಿದ ದಿನ ಬೀಗ. ಇಂಗ್ಲೆಂಡಿನಲ್ಲಿ ಈ ನಿಯಮದ ಅಗತ್ಯ ಬಿದ್ದಿರಲಿಲ್ಲ. ಇದೊಂದು ಬಳಗದ ಸ್ವಂತ ಕೊಡುಗೆ.

ಕೋಣೆ ಕೇಳಲು ಹೋದವಳಿಗೆ ರಾಜಗೋಪಾಲ, ಅಂಥ ಠರಾವನ್ನು ಆಯ್ಕೆಯಾದ ಸದಸ್ಯರೇ ಮಂಡಿಸಬೇಕು ಎಂದರು. ಅವಳು ದಾರ್ಸೈಟ್ ಕ್ಷೇತ್ರಕ್ಕೆ ನಿಂತಳು. ಪೈಪೋಟಿ ಇಲ್ಲದಿದ್ದರೆ ಶೋಭೆಯಿಲ್ಲವೆಂದು ಅಧ್ಯಕ್ಷರು ಪಕ್ಕದ ರೂವಿಯಲ್ಲಿ ತರಕಾರಿ ವ್ಯಾಪಾರ ಮಾಡುವ ದೇಜಪ್ಪನನ್ನು ಎದುರಿಗೆ ನಿಲ್ಲಿಸಿದರು.

ಗುರುವಾರ ಮತದಾರರೆಲ್ಲ ಡ್ಯೂಟಿಯಲ್ಲಿದ್ದರು. ಬಂದವರು ಅಭ್ಯರ್ಥಿಗಳಿಬ್ಬರೇ. ತನ್ನ ಓಟು ತನಗೇ ಹಾಕಿಕೊಳ್ಳುವಷ್ಟು ನಾಚಿಕೆಗೆಟ್ಟವರು ಇಬ್ಬರೂ ಅಲ್ಲ. ಅವನು ಅವಳಿಗೆ ಹಾಕಿದ, ಅವಳು ಅವನಿಗೆ ಹಾಕಿದಳು. ಒಂದು, ಒಂದು. ಸಮಬಲವಾದರೆ ಚೀಟಿ ಎತ್ತುವುದು ಆ ಕೌಂಟಿಯ ಕ್ರಮ. ಚೀಟಿಯಲ್ಲಿ ದೇಜಪ್ಪ ಬಂದ.

"ಎಂತ ಅವಸ್ಥೆ ವಾರಿಜಕ್ಕ, ನನಗೆ ಬೇಡ ಮಾರಾಯ್ರೆ ಇದು" ಎಂದು ಅವನು ನಿಂತಲ್ಲೇ ರಾಜೀನಾಮೆ ಕೊಟ್ಟ. ಅಧ್ಯಕ್ಷರಿಗೆ ರೋಮಾಂಚನವಾಯಿತು. ಸ್ಥಾನ ತೆರವಾದ್ದರಿಂದ ಮುಂದಿನ ತಿಂಗಳ ಮೊದಲ ಗುರುವಾರ ಉಪಚುನಾವಣೆ. ಅಲ್ಲಿಯವರೆಗೆ ಮತಗಟ್ಟೆ ತೆರೆದಿರುತ್ತದೆ. ಕಾಯಲು ಸಿಬ್ಬಂದಿ ಮಾತ್ರ ಸಿಗಲಿಲ್ಲ.

"ನನ್ನ ಮಕ್ಕಳಿದ್ದಾರಲ್ಲ ಸರ್" ಎಂದಳು ವಾರಿಜಾಕ್ಷಿ.

"ಮತಪತ್ರ ಓದೋಕೆ ಬರಬೇಕು ಮೇಡಂ."

"ಅದನ್ನೇ ಕಲಿಸ್ತಾ ಇರೋದು."

ಹೀಗೆ ಮಕ್ಕಳು ಮತಗಟ್ಟೆ ಸಿಬ್ಬಂದಿಯಾಗಿ ನೇಮಕಗೊಂಡು, ತಂಪಿನಲ್ಲಿ ಕೂತು, ಅಭ್ಯರ್ಥಿಗಳ ಹೆಸರಿನಿಂದ ಒತ್ತಕ್ಷರ ಕಲಿತರು. ಕರಗಿಹೋಗಿದ್ದವರೆಲ್ಲ ವಾಪಸು ಬಂದರು.

ಜೂನಿನಲ್ಲೂ ಒಂದು, ಒಂದು. ಈ ಸಲ ಚೀಟಿಯಲ್ಲಿ ವಾರಿಜಾಕ್ಷಿ ಬಂದಳು. ಶನಿವಾರ ಬೆಳಿಗ್ಗೆಯೇ ಠರಾವು ಮಂಡಿಸಿದಳು. ಅಧ್ಯಕ್ಷರು ಅದನ್ನು ಹಾರ್ದಿಕವಾಗಿ ಸ್ವಾಗತಿಸಿ ಉಪಸಮಿತಿಗೆ ಒಪ್ಪಿಸಿದರು. ಉಪಸಮಿತಿ ಮುಂದಿನ ಮೇ ಒಳಗೆ ರಚನೆಯಾಗಲಿತ್ತು. ಫಲಿತಾಂಶ ಬಂದಾಗಿದ್ದರಿಂದ ಒಳಕೋಣೆಗೆ ಬೀಗ ಬಿದ್ದಿತ್ತು. ಹೊರಗೆ ಆಶಿತಾ ಮತ್ತೆ ಕರಗತೊಡಗಿದ್ದಳು.

ವಾರಿಜಾಕ್ಷಿ ಬಾಗಿಲನ್ನು ನೋಡಿದಳು, ಬೀಗವನ್ನು ನೋಡಿದಳು, ದೇಜಪ್ಪನಿಗೆ ಫೋನ್ ಮಾಡಿದಳು.

"ದೇಜಪ್ಪಣ್ಣ, ಇನ್ನೊಮ್ಮೆ ನಿಲ್ಲಲಿಕ್ಕುಂಟು."

"ಗೆದ್ದರೆ?"

"ಗೆದ್ದವರು ರಾಜೀನಾಮೆ ಕೊಡುವುದು. ಇವತ್ತು ನಾನು."

ಅವನಿಗೆ ಅದು ನ್ಯಾಯವಾಗಿಯೇ ಕಂಡಿತು. ಬೀಗ ಅವತ್ತೇ ತೆರೆಯಿತು.

ಜುಲೈಯಲ್ಲಿ ದೇಜಪ್ಪ ಗೆದ್ದು ತೆರವು ಮಾಡಿದ, ಆಗಸ್ಟಿನಲ್ಲೂ ಅವನೇ, ಸೆಪ್ಟೆಂಬರಿನಲ್ಲಿ ವಾರಿಜಾಕ್ಷಿ. ಆ ಕೌಂಟಿಯ ಯಾವ ಕ್ಷೇತ್ರವೂ ಶತಮಾನ ದಾಟಿದರೂ ಕಾಣದಷ್ಟು ಉಪಚುನಾವಣೆಗಳನ್ನು ಬಳಗ ದಸರೆಯೊಳಗೆ ಕಂಡಿತೆಂದು ರಾಜಗೋಪಾಲ ಎಲ್ಲ ಕಡೆ ಹೇಳಿಕೊಂಡು ಬಂದರು. ಮಕ್ಕಳು 'ಇತ್ಯರ್ಥ' ಎಂಬ ಪದವನ್ನು ತಪ್ಪಿಲ್ಲದೆ ಬರೆಯುವುದನ್ನು ಕಂಡು ಅವರ ಮನಸ್ಸು ಕರಗಿ, ಕೋಣೆಯನ್ನು ತರಗತಿಗೇ ಬಿಟ್ಟುಕೊಡುವ ಠರಾವನ್ನು ಸಭೆಯ ಮುಂದೆ ತಾವೇ ತಂದರು. ಆದರೆ ಕ್ಷೇತ್ರದ ಸದಸ್ಯರಿಲ್ಲದೆ ಆ ಕ್ಷೇತ್ರದ ಆಸ್ತಿಯನ್ನು ಕೊಡುವಂತಿಲ್ಲ, ಮತ್ತು ದಾರ್ಸೈಟ್ ಸ್ಥಾನ ಖಾಲಿಯಿತ್ತು.

"ಸ್ಥಾನ ತುಂಬಿದ ತಕ್ಷಣ ಉಪಸಮಿತಿಗೆ ಕಳಿಸಿಬಿಡೋಣ ಮೇಡಂ."

"ತುಂಬಿದ ತಕ್ಷಣ ಬೀಗ ಬೀಳ್ತದಲ್ಲ ಸರ್?"

"ಅದು ನಿಯಮ."

"ಹಾಗಾದರೆ ಖಾಲಿಯೇ ಇರಲಿ."

ಸಭೆ ಇದನ್ನು ಸರ್ವಾನುಮತದಿಂದ ಅಂಗೀಕರಿಸಿ ಊಟಕ್ಕೆ ಎದ್ದಿತು. ಪ್ರಕಟಣೆ ಮಾರನೆಯ ದಿನವೇ ಬಾಗಿಲಿಗೆ ಬಿತ್ತು:

'ದಾರ್ಸೈಟ್ ಕ್ಷೇತ್ರದ ಉಪಚುನಾವಣೆ ಬರುವ ತಿಂಗಳ ಮೊದಲ ಗುರುವಾರ. ಮತಗಟ್ಟೆ ಸಿಬ್ಬಂದಿ ಶನಿವಾರ ಕಾಪಿ ಪುಸ್ತಕ, ಪೆನ್ಸಿಲ್, ನೀರಿನ ಬಾಟ್ಲಿಯೊಂದಿಗೆ ಹಾಜರಿರತಕ್ಕದ್ದು. ಒಳಗೆ ಚಳಿ ಜಾಸ್ತಿ, ಸ್ವೆಟರ್ ತರುವುದು.'