ನೀಲಿ ದೀಪದವರಿಗೂ ಹಸಿರು ದೀಪದವರಿಗೂ ಹೆಣ್ಣಿನ ಅಜ್ಜಿಯ ಅರಿಕೆ

ಟೀವಿಗೆ ಜೋಡಿಸಿಕೊಂಡು ವಿಡಿಯೋ ಗೇಮ್ ಆಡಿಸುವ ಮಾನ್ಯ ನೀಲಿ ದೀಪದ ಪೆಟ್ಟಿಗೆಯವರಿಗೂ, ಅದೇ ಕೆಲಸವನ್ನು ಬೇರೆ ಕಂಪನಿಯ ಹೆಸರಿನಲ್ಲಿ ಮಾಡುವ ಮಾನ್ಯ ಹಸಿರು ದೀಪದ ಪೆಟ್ಟಿಗೆಯವರಿಗೂ, ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಿಂದ ದ್ರಾಕ್ಷಾಯಣಮ್ಮ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ನಾನು ಮಂಡಿಪೇಟೆಯಲ್ಲಿ ಬೆಲ್ಲ, ಹುಣಸೆಹಣ್ಣಿನ ಸಗಟು ವ್ಯಾಪಾರ ಮಾಡುತ್ತಿದ್ದ ದಿವಂಗತ ಕಲ್ಲೇಶಪ್ಪನವರ ಧರ್ಮಪತ್ನಿ, ಈಗ ಅದೇ ಅಂಗಡಿ ನಡೆಸುತ್ತಿರುವ ಕರಿಬಸವರಾಜನ ತಾಯಿ, ಹಲ್ಲಿನ ಡಾಕ್ಟರು ಕೃತಿಕಾಳ ಅಜ್ಜಿ. ಹೈಸ್ಕೂಲು ಮುಗಿಸಿದ್ದೇನೆ. ಅದು ಆ ಕಾಲದ ಹೈಸ್ಕೂಲಾದ್ದರಿಂದ ಕಾಗದ ಬರೆಯಲು ನನಗೆ ಇನ್ನೊಬ್ಬರ ಸಹಾಯ ಬೇಕಾಗಿಲ್ಲ. ನಮ್ಮ ಬಳಗದಲ್ಲಿ ಹೆಣ್ಣು ಕೊಡುವುದಿರಲಿ, ತರುವುದಿರಲಿ, ನಾನು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವವರೆಗೆ ಮಾತು ಮುಗಿದಂತಲ್ಲ. ಹಾಕಿಕೊಂಡ ಮೇಲೆ ಆ ಮಾತು ಇದುವರೆಗೆ ಮುರಿದಿಲ್ಲ. ತಮ್ಮಿಬ್ಬರ ಕೃಪೆಯಿಂದ ಮೊದಲ ಸಲ ಮುರಿಯುವ ಹಂತಕ್ಕೆ ಬಂದಿತ್ತು. ಈ ಅರಿಕೆಯನ್ನು ಬಹಿರಂಗವಾಗಿ ಮಾಡುತ್ತಿರುವುದೇಕೆಂದರೆ, ಗುಟ್ಟಾಗಿ ಬರೆದರೆ ತಮ್ಮಲ್ಲಿ ಒಬ್ಬರ ಅಭಿಮಾನಿಗಳು ಅಜ್ಜಿ ಇನ್ನೊಬ್ಬರ ಕಡೆ ಸೇರಿಕೊಂಡಳೆಂದು ಊರೆಲ್ಲ ಹಬ್ಬಿಸುತ್ತಾರೆ.

ನೀಲಿಯವರ ಹೆಸರನ್ನು ಮೊದಲು ಬರೆದದ್ದಕ್ಕೆ ಹಸಿರಿನವರು ದಯವಿಟ್ಟು ಬೇಸರಿಸಬಾರದು. ಅಕ್ಷರಮಾಲೆಯಲ್ಲಿ ನಕಾರ ಮೊದಲು ಬರುತ್ತದೆ, ಹಕಾರ ಕೊನೆಯ ಸಾಲಿನಲ್ಲಿದೆ. ಆ ವ್ಯವಸ್ಥೆ ಮಾಡಿದವಳು ನಾನಲ್ಲ.

ನೀಲಿಯವರು ನಮ್ಮ ಮನೆಗೆ ಬಂದಾಗ ನಾವು ಯಾವ ಕೊರತೆಯನ್ನೂ ಮಾಡಲಿಲ್ಲವೆಂಬುದಕ್ಕೆ ತಾವೇ ಸಾಕ್ಷಿ. ಪಡಸಾಲೆಯಲ್ಲಿ ಟೀವಿಯ ಪಕ್ಕ ನಮ್ಮ ಮಾವನವರ ಫೋಟೋ ಇತ್ತು. ತಮಗೆ ಗಾಳಿಯಾಡಬೇಕೆಂದು ಮೊಮ್ಮಗಳು ಹೇಳಿದ್ದರಿಂದ, ಬದುಕಿದ್ದಾಗ ಯಾರಿಗೂ ಜಾಗ ಬಿಟ್ಟುಕೊಡದ ಆ ಹಿರಿಯರನ್ನು ಅತ್ತ ಸರಿಸಿ ತಮ್ಮನ್ನು ಕೂರಿಸಲಾಯಿತು. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ತಮ್ಮ ಮೈ ಒರೆಸಲಾಗುತ್ತದೆ. ನನ್ನ ಕನ್ನಡಕವನ್ನು ನಾನು ಸೆರಗಿನಿಂದಲೇ ಒರೆಸಿಕೊಳ್ಳುತ್ತೇನೆ. ಹಸಿರಿನವರಿಗೂ ಹರಿಹರದಲ್ಲಿ ಇಂಥದೇ ವೈಭವವಿದೆಯೆಂದು ಆಮೇಲೆ ಕಣ್ಣಾರೆ ಕಂಡೆ.

ಈಗ ಸಂಬಂಧದ ವಿಷಯ. ಹರಿಹರದಲ್ಲಿ ಕಬ್ಬಿಣ, ಸಿಮೆಂಟಿನ ಅಂಗಡಿ ಇಟ್ಟಿರುವ ಹಾಲೇಶಪ್ಪನವರ ಮಗ ಸಂತೋಷನಿಗೆ ನಮ್ಮ ಕೃತಿಕಾಳನ್ನು ಕೇಳಿಕೊಂಡು ಬಂದರು. ಗೋತ್ರದ ಹಾಗೆ ನಾವು ನೋಡುವ ಬೆಡಗು ವಿಚಾರಿಸಿದೆ, ಬೇರೆ ಬೇರೆ ಇತ್ತು. ಮನೆತನ ವಿಚಾರಿಸಿದೆ, ಚೊಕ್ಕವಾಗಿತ್ತು. ಹುಡುಗ ಹುಡುಗಿ ಮಾತಾಡಿಕೊಳ್ಳಲೆಂದು ಮಹಡಿಗೆ ಕಳಿಸಿದರೆ ಮಂಡಕ್ಕಿ ಮೆತ್ತಗಾಗಿ, ಮೆಣಸಿನಕಾಯಿ ಬಜ್ಜಿ ಆರಿ ಹೋಗುವವರೆಗೆ ಕೆಳಗಿಳಿಯಲೇ ಇಲ್ಲ. ಕರೆಯಲು ಮೆಟ್ಟಿಲ ತನಕ ಹೋದವಳು ನಾನೇ, ಕರೆಯದೆ ತಿರುಗಿ ಬಂದವಳೂ ನಾನೇ, ಏಕೆಂದರೆ ಮೇಲೆ ನಮ್ಮ ಹುಡುಗಿ ನಗುತ್ತಿದ್ದಳು. ಬೇರೆಯವರು ಬಂದು ನೋಡಿಹೋದಾಗಲೆಲ್ಲ ಅವಳು ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಕೂತಿರುತ್ತಿದ್ದಳು. ಆ ನಗು ಕೇಳಿದ ಮೇಲೆ ನನಗೆ ಬೇರೆ ಜಾತಕ ಬೇಕಾಗಲಿಲ್ಲ. ಇಬ್ಬರೂ ಬಿಡುವಿನಲ್ಲಿ ಗೇಮ್ ಆಡುತ್ತಾರಂತೆ, ಅದೇ ಮಾತು ಬೆಳೆಯಿತಂತೆ. ನಾನು ಎಲೆ ಅಡಿಕೆ ಹಾಕಿಕೊಂಡೆ. ಆಡುತ್ತೀರಾ ಎಂದು ಒಬ್ಬರನ್ನೊಬ್ಬರು ಕೇಳಿದರೇ ಹೊರತು ಯಾವ ಕಂಪನಿಯ ಪೆಟ್ಟಿಗೆಯಲ್ಲಿ ಎಂದು ಇಬ್ಬರೂ ಕೇಳಲಿಲ್ಲ. ಹೊಸ ಪ್ರೀತಿಯಲ್ಲಿ ಅಗತ್ಯದ ವಿಚಾರಣೆಗಳು ಹೀಗೆಯೇ ಉಳಿದುಹೋಗುತ್ತವೆ.

ಹೀಗಿರುವಾಗ ಆಯುಧಪೂಜೆ ಬಂತು. ನಮ್ಮಲ್ಲಿ ಅಂದು ಮನೆಗೆ ಅನ್ನ ಕೊಡುವ ಯಾವ ವಸ್ತುವನ್ನೂ ಬಿಡುವಂತಿಲ್ಲ. ಅಂಗಡಿಯ ತಕ್ಕಡಿ, ಬೆಲ್ಲ ಒಡೆಯುವ ಕೊಡತಿ, ಮೊಮ್ಮಗಳ ಹಲ್ಲು ಕೊರೆಯುವ ಯಂತ್ರ, ಸ್ಕೂಟರು, ಮಿಕ್ಸರು, ಎಲ್ಲಕ್ಕೂ ವಿಭೂತಿ ಹಚ್ಚಿ, ಹೂವು ಏರಿಸಿ ಬರುವಾಗ ಪಡಸಾಲೆಯಲ್ಲಿ ನೀಲಿಯವರು ಒಬ್ಬರೇ ಬರಿಯ ಹಣೆಯಲ್ಲಿ ಕೂತಿದ್ದರು. ಅನ್ನ ಕೊಡದಿದ್ದರೇನು, ಮನೆಯಲ್ಲಿರುವವರಲ್ಲವೇ ಎಂದು ತಮಗೂ ಮೂರೆಳೆ ವಿಭೂತಿ ಎಳೆದು, ಉಳಿದಿದ್ದ ಚೆಂಡುಹೂವಿನ ಹಾರ ಹಾಕಿದೆ. ಉಳಿದಿದ್ದ ಹಾರ ಎಂಬುದನ್ನು ಗಮನಿಸಬೇಕು. ಅದರಲ್ಲಿ ಪಕ್ಷಪಾತವಿರಲಿಲ್ಲ.

ಮೊಮ್ಮಗಳು ಅದರ ಫೋಟೋ ತೆಗೆದು, "ನಮ್ಮಜ್ಜಿ ಯಾರ ಕಡೆ ಅಂತ ಈಗಲಾದ್ರೂ ತಿಳ್ಕೊಳ್ರಿ" ಎಂದು ಬರೆದು ಮೊಬೈಲಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದಳು. ಸಂಜೆಯಾಗುವುದರೊಳಗೆ ನನ್ನ ಮುಖವನ್ನೇ ನೋಡಿಲ್ಲದ ಜನ ನನಗೆ ಜೈಕಾರ ಹಾಕಿದರು. ಇನ್ನು ಕೆಲವರು ಅಜ್ಜಿಯ ಕಣ್ಣಿನ ಪೊರೆ ತೆಗೆಸಿರೆಂದು ಸಲಹೆ ಕೊಟ್ಟರು. ಅವುಗಳ ನಡುವೆ ಎದ್ದು ಕಾಣುವಂತೆ ಒಬ್ಬ ಮಹಾಶಯ, "ಹಾರ ಹಾಕ್ಯಾರೆ ಅಂದ್ರೆ ನೀಲಿ ಪೆಟ್ಟಿಗಿ ತೀರ್ಕೊಂಡೈತೆ ಅಂತ. ಓಂ ಶಾಂತಿ. ಮಣ್ಣು ಯಾವಾಗ್ರಿ?" ಎಂದು ಬರೆದಿದ್ದ. ಆ ಮಹಾಶಯ ಯಾರೆಂದು ಹೆಸರು ನೋಡಿದರೆ, ನಾನು ಎಲೆ ಅಡಿಕೆ ಹಾಕಿಕೊಂಡು ಒಪ್ಪಿದ ಅಳಿಯದೇವರು. ಅವನು ತಮಾಷೆಗೆ ಬರೆದನಂತೆ. ಅವಳೂ ತಮಾಷೆಗೇ, "ಹಸಿರು ಪೆಟ್ಟಿಗಿ ಹುಟ್ಟಿದಾಗಿಂದ ಐಸಿಯುದಾಗೈತೆ, ನಿಮ್ಮ ಮನಿ ಕಡೆ ನೋಡ್ಕೊಳ್ರಿ" ಎಂದು ಉತ್ತರ ಕೊಟ್ಟಳಂತೆ. ತಮಾಷೆಗೆ ತಮಾಷೆ ಸೇರಿ, ಎರಡೂ ಕಡೆಯ ಅಭಿಮಾನಿಗಳು ಕಟ್ಟಿಗೆ ಒಟ್ಟಿ, ಬೆಳಗಾಗುವುದರಲ್ಲಿ ಹುಡುಗ ಹುಡುಗಿ ಒಬ್ಬರ ನಂಬರನ್ನು ಇನ್ನೊಬ್ಬರು ಮೊಬೈಲಿನಿಂದ ತೆಗೆದುಹಾಕಿದ್ದರು.

"ಅಜ್ಜಿ, ಆ ಮನಿಗೆ ಹೋಗಿ ದಿನಾ ಹಸಿರು ದೀಪ ನೋಡ್ಕೊಂತ ಇರಕ್ಕೆ ನನ್ನ ಕೈಲಿ ಆಗಲ್ಲ. ಈ ಮದುವಿ ಬ್ಯಾಡ" ಎಂದಳು ಕೃತಿಕಾ. ಮಾತು ಜೋರಾಗಿತ್ತು, ಆದರೆ ತಟ್ಟೆಯ ರೊಟ್ಟಿ ಹಾಗೆಯೇ ಇತ್ತು. ಅತ್ತ ಹರಿಹರದಿಂದ ಹುಡುಗನ ತಾಯಿ ಬಸವಣ್ಣೆಮ್ಮನವರು ಫೋನ್ ಮಾಡಿ, "ಏನ್ ಹೇಳ್ಲ್ರಿ ಅಮ್ಮಾರೆ, ಹುಡುಗಿ ಬಂಗಾರದಂಗೆ ಅದಾಳೆ, ಆಕಿ ಪೆಟ್ಟಿಗಿ ಒಂದು ಸರಿ ಇಲ್ಲ ಅಂತಾನೆ. ಹಂಗಂದು ರೂಮಿನ ಬಾಗಿಲು ಹಾಕ್ಕೊಂಡು ಕುಂತಾನೆ, ಆಟನೂ ಆಡವಲ್ಲ" ಎಂದು ಅತ್ತರು. ಆಟವನ್ನೂ ಆಡುತ್ತಿಲ್ಲವೆಂಬ ಮಾತು ನನ್ನ ಕಿವಿಯಲ್ಲಿ ನಿಂತಿತು.

ಮಾನ್ಯರೇ, ತೀರ್ಪು ಕೊಡುವ ಮೊದಲು ಎರಡೂ ಕಡೆ ವಿಚಾರಿಸಬೇಕಾದ್ದು ಹಿರಿಯರ ಧರ್ಮ. ತಮ್ಮಿಬ್ಬರಲ್ಲಿ ವ್ಯತ್ಯಾಸವೇನೆಂದು ಮೊಮ್ಮಗಳನ್ನು ಕೇಳಿದೆ. ಒಬ್ಬರು ಸೆಕೆಂಡಿಗೆ ಇಷ್ಟು ಚಿತ್ರ ತೋರಿಸುತ್ತಾರಂತೆ, ಇನ್ನೊಬ್ಬರು ತುಸು ಹೆಚ್ಚೋ ಕಡಿಮೆಯೋ ತೋರಿಸುತ್ತಾರಂತೆ. ಅವಳ ಮೊಬೈಲಿನಲ್ಲಿ ಎರಡರ ಆಟವನ್ನೂ ಹಾಕಿಸಿ, ನಾನು ಹೊಸ ಕನ್ನಡಕ ಹಾಕಿಕೊಂಡು ಕೂತು ನೋಡಿದೆ. ಎರಡರಲ್ಲೂ ಅದೇ ಚೆಂಡು, ಅದೇ ಕಾಲು, ಗೋಲು ತಪ್ಪಿದಾಗ ಆಡುವವರ ಬಾಯಿಂದ ಬರುವ ಅದೇ ಮಾತು. ಕೆಲವು ಆಟಗಳು ಮಾತ್ರ ಒಬ್ಬರಲ್ಲಿದ್ದರೆ ಇನ್ನೊಬ್ಬರಲ್ಲಿ ಸಿಗುವುದಿಲ್ಲವಂತೆ, ಅದೇ ದೊಡ್ಡಸ್ತಿಕೆಯಂತೆ. ಈ ಉಪಾಯ ನಮ್ಮ ಊರಿನ ಬೆಣ್ಣೆ ದೋಸೆಯವರಿಗೆ ತಿಳಿಯದಿದ್ದದ್ದು ಸೋಜಿಗ. ಒಂದು ಹೋಟೆಲಿನವರು ದೋಸೆಯನ್ನೂ, ಎದುರಿನ ಹೋಟೆಲಿನವರು ಚಟ್ನಿಯನ್ನೂ ಮಾತ್ರ ಇಟ್ಟುಕೊಂಡು ಊರನ್ನೇ ಎರಡು ಪಾಲು ಮಾಡಬಹುದಾಗಿತ್ತು.

ಅಭಿಮಾನ ಎಂದರೇನೆಂದು ನನಗೆ ಗೊತ್ತಿಲ್ಲವೆಂದು ತಾವು ಭಾವಿಸಬಾರದು. ನಾನು ಮದುವೆಯಾಗಿ ಬಂದಾಗಿನಿಂದ ಒಂದೇ ಹೋಟೆಲಿನ ದೋಸೆ ತಿಂದವಳು, ಬೇರೆ ಹೋಟೆಲಿನ ನೀರನ್ನೂ ಮುಟ್ಟಿದವಳಲ್ಲ. ಆದರೆ ಆ ಬೇರೆ ಹೋಟೆಲಿನ ದೋಸೆ ತಿನ್ನುವವರ ಮನೆಗೆ ನನ್ನ ಮಗಳನ್ನೇ ಕೊಟ್ಟಿದ್ದೇನೆ. ಅವಳು ಸುಖವಾಗಿದ್ದಾಳೆ, ದೋಸೆಯ ವಿಷಯವೊಂದನ್ನು ಬಿಟ್ಟು.

ಇನ್ನು ತಮ್ಮ ವ್ಯಾಪಾರದ ಜಾಣ್ಮೆಗೆ ವ್ಯಾಪಾರಸ್ಥರ ಮನೆಯವಳಾಗಿ ನಾನು ಕೈ ಮುಗಿಯುತ್ತೇನೆ. ಮಂಡಿಪೇಟೆಯಲ್ಲಿ ನಮ್ಮ ಅಂಗಡಿ ಮೂರು ತಲೆಮಾರಿನಿಂದ ತೂಕದಲ್ಲಿ ಮೋಸ ಮಾಡದೆ, ಬೆಲ್ಲದಲ್ಲಿ ಮಣ್ಣು ಬೆರೆಸದೆ ನಡೆದುಬಂದಿದೆ. ಆದರೂ ಗಿರಾಕಿಗಳು ನಮ್ಮ ಬೆಲ್ಲವನ್ನು ಮೂಸಿ, ಚೂರು ಬಾಯಿಗೆ ಹಾಕಿಕೊಂಡು, ಹೋದ ಸಲದ್ದು ಚೆನ್ನಾಗಿತ್ತೆಂದು ಮುಖ ಸಿಂಡರಿಸಿಯೇ ಒಯ್ಯುತ್ತಾರೆ. ನಮ್ಮ ಪರವಾಗಿ ಎದುರಂಗಡಿಯ ಗಿರಾಕಿಯ ಜತೆ ಬೀದಿಯಲ್ಲಿ ನಿಂತು ಒಬ್ಬನಾದರೂ ಜಗಳ ಆಡಿಲ್ಲ. ತಮ್ಮ ಗಿರಾಕಿಗಳೋ, ತಾವು ಹುಷಾರು ತಪ್ಪಿದರೆ ತಮ್ಮ ಮೇಲೆ ಸಿಟ್ಟಾಗದೆ ಅದನ್ನು ನೋಡಿ ನಕ್ಕವರ ಮೇಲೆ ಸಿಟ್ಟಾಗುತ್ತಾರೆ. ತಮ್ಮ ಕಂಪನಿಯ ಯಜಮಾನರು ಇವರ ಮದುವೆಗೆ ಒಂದು ತೆಂಗಿನಕಾಯಿ ಕಳಿಸುವವರಲ್ಲ. ಆದರೂ ಇವರು ಆ ಯಜಮಾನರ ಮರ್ಯಾದೆಗಾಗಿ ಮದುವೆಯನ್ನೇ ಬಿಡಲು ತಯಾರು. ಈ ಮಂತ್ರವನ್ನು ದಯವಿಟ್ಟು ಕರಿಬಸವರಾಜನಿಗೆ ಹೇಳಿಕೊಡಬೇಕು. ಬೆಲ್ಲದ ಪಿಂಡಿಗೂ ಒಂದು ದೀಪ ಕೂರಿಸಲು ನಾವು ಸಿದ್ಧ.

ಜತೆಗೆ ಇನ್ನೊಂದು ಸಣ್ಣ ಬೇಡಿಕೆ. ಹರಿಹರದ ದೇವಸ್ಥಾನಕ್ಕೆ ತಾವಿಬ್ಬರೂ ಒಮ್ಮೆ ಬಂದು ಹೋಗಬೇಕು. ಅಲ್ಲಿ ಒಂದೇ ಮೂರ್ತಿಯಲ್ಲಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು ನಿಂತಿದ್ದಾರೆ. ಅವರವರ ಭಕ್ತರ ಗಲಾಟೆ ಕೇಳಿ ಕೇಳಿ ಸಾಕಾಗಿ ಹಾಗೆ ನಿಂತಿರಬೇಕೆಂದು ನನ್ನ ಊಹೆ. ತಾವೂ ಅದೇ ರೀತಿ ಅರ್ಧ ನೀಲಿ, ಅರ್ಧ ಹಸಿರಾಗಿ ಒಂದೇ ಮೈಯಲ್ಲಿ ಅವತಾರ ಎತ್ತಬಾರದೇಕೆ? ದೇವರಿಗೇ ಸಾಧ್ಯವಾದದ್ದು ಕಂಪನಿಗೆ ಆಗದೆಂದರೆ ನಾನು ನಂಬುವುದಿಲ್ಲ.

ಅವತಾರದ ದಾರಿ ಕಾಯುತ್ತ ಕೂತರೆ ಮುಹೂರ್ತ ದಾಟಿಹೋಗುತ್ತದೆಂದು ನಾನೇ ಕೂತು ಯೋಚಿಸಿದೆ. ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣ ತಂಗಿಯರಿದ್ದಂತೆ, ಅವರೊಳಗೆ ಸಂಬಂಧ ಕೂಡುವುದಿಲ್ಲ. ಬೆಡಗು ಬೇರೆಯಾದರೆ ಮಾತ್ರ ಮದುವೆ. ಹಾಗಾದರೆ ನೀಲಿಯೂ ಹಸಿರೂ ಬೇರೆ ಬೇರೆಯಾಗಿರುವುದು ದೋಷ ಹೇಗಾಯಿತು? ಇಬ್ಬರದೂ ಒಂದೇ ಬಣ್ಣದ ದೀಪವಾಗಿದ್ದರೆ ನಾನೇ ಬೇಡವೆನ್ನಬೇಕಾಗಿತ್ತು. ಹೀಗೆ ನ್ಯಾಯ ಸಿಕ್ಕ ಮೇಲೆ ಉಳಿದದ್ದು ಶಾಸ್ತ್ರ ಮಾತ್ರ.

ಮೊಮ್ಮಗಳು ಕ್ಲಿನಿಕ್ಕಿಗೆ ಹೋದಾಗ ಕರಿಬಸವರಾಜನಿಂದ ವೈರುಗಳನ್ನು ಬಿಚ್ಚಿಸಿದೆ. ಅವಳನ್ನು ಕೇಳಲಿಲ್ಲ, ಕೇಳಿ ಮಾಡುವ ಕೆಲಸಗಳನ್ನು ಮಾಡಲು ಮನೆಯಲ್ಲಿ ಬೇರೆಯವರಿದ್ದಾರೆ. ನೀಲಿಯವರನ್ನು ಹೊಸ ಟವೆಲಿನಲ್ಲಿ ಸುತ್ತಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಪ್ಪಸದ ಕಣ ಇಟ್ಟು ಉಡಿ ತುಂಬಿ, ಕಾರಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹರಿಹರಕ್ಕೆ ಹೋದೆ. ಬಸವಣ್ಣೆಮ್ಮನವರು ಮೊದಲು ಬಾಯಿ ತೆರೆದು ನಿಂತರು, ಆಮೇಲೆ ಆರತಿ ತಟ್ಟೆ ತಂದರು. ಬೀಗತನ ಬಲ್ಲ ಹೆಣ್ಣುಮಗಳು. ಸಂತೋಷ ರೂಮಿನಿಂದ ಹೊರಗೆ ಬಂದು, "ಅಮ್ಮಾರೆ, ಇದೇನ್ರಿ?" ಎಂದ. "ನಮ್ಮ ಮನಿ ಹೆಣ್ಣುಮಗಳಪ್ಪ, ಚೆನ್ನಾಗಿ ನೋಡ್ಕೋ. ನಿಮ್ಮದನ್ನ ಇತ್ಲಾಗ ಕೊಡು, ನಾವು ಅಳಿಯನಂಗೆ ನೋಡ್ಕೊಂತೀವಿ" ಎಂದೆ. ಮದುವೆಯವರೆಗೆ ನೀಲಿಯವರು ಅಲ್ಲಿ, ಹಸಿರಿನವರು ಇಲ್ಲಿ. ಬೇರೆ ಮನೆಗೆ ಹೊಂದಿಕೊಳ್ಳುವುದನ್ನು ಹುಡುಗಿಯೊಬ್ಬಳೇ ಏಕೆ ಕಲಿಯಬೇಕು, ಮೊದಲು ಪೆಟ್ಟಿಗೆಗಳು ಕಲಿಯಲಿ.

ಸಂಜೆ ಮೊಮ್ಮಗಳು ಬಂದವಳೇ ಪಡಸಾಲೆಯಲ್ಲಿ ಹಸಿರು ದೀಪ ಕಂಡು ಚೀಲ ಕೆಳಗಿಟ್ಟಳು. "ಅಜ್ಜಿ, ನಂದೆಲ್ಲಿ?" "ಗಂಡನ ಮನಿಗೆ ಹೋಗೈತೆ, ನಿನಗಿಂತ ಮೊದಲು." ಸಿಟ್ಟಿನಲ್ಲಿ ಕುಣಿದಳು, ಅತ್ತಳು. ತಾನು ವರ್ಷಗಟ್ಟಲೆ ಆಡಿ ಗೆದ್ದದ್ದೆಲ್ಲ ಅದರ ಹೊಟ್ಟೆಯೊಳಗಿದೆ, ಆ ಮನುಷ್ಯ ಅಳಿಸಿಬಿಟ್ಟರೇನು ಗತಿ ಎಂದಳು. "ಹಂಗಾದ್ರೆ ಅಳಿಸಬ್ಯಾಡ ಅಂತ ನೀನೇ ಹೇಳು, ನನಗೇನು ಗೊತ್ತು" ಎಂದು ನಾನು ಮೆಂತ್ಯ ಸೊಪ್ಪು ಸೋಸಲು ಕೂತೆ. ತೆಗೆದುಹಾಕಿದ ನಂಬರನ್ನು ಅಪ್ಪನಿಂದ ಕೇಳಿ ಪಡೆದು ಫೋನ್ ಮಾಡಿದಳು. ಅವನಿಗೆ ನೀಲಿಯವರ ರಿಮೋಟಿನ ಗುಂಡಿಗಳು ಗೊತ್ತಿರಲಿಲ್ಲ, ಇವಳಿಗೆ ಹಸಿರಿನವರದು ಗೊತ್ತಿರಲಿಲ್ಲ. ಗೊತ್ತಿಲ್ಲದವರು ಕೇಳಲೇಬೇಕು, ಕೇಳಿದವರಿಗೆ ಹೇಳಲೇಬೇಕು. ಸೊಪ್ಪು ಸೋಸಿ, ಪಲ್ಯ ಕುದಿದು, ರೊಟ್ಟಿ ತಟ್ಟುವವರೆಗೂ ಆ ಗುಂಡಿಗಳ ಪಾಠವೇ ನಡೆಯಿತು. ಅವನು ಯಾವುದೋ ತಪ್ಪು ಗುಂಡಿ ಒತ್ತಿ ಆಟದೊಳಗಿನ ನಮ್ಮ ಹುಡುಗಿಯ ವೀರನನ್ನು ಬಾವಿಗೆ ಹಾರಿಸಿದನಂತೆ. ಆಗ ಮಹಡಿಯ ಮೆಟ್ಟಿಲಲ್ಲಿ ಕೇಳಿದ್ದ ನಗು ಪಡಸಾಲೆಯಲ್ಲಿ ಕೇಳಿತು. ಅಂದು ಅವಳು ರೊಟ್ಟಿಯನ್ನು ತಟ್ಟೆಯಲ್ಲಿ ಬಿಡಲಿಲ್ಲ.

ಆದ್ದರಿಂದ ತಮ್ಮ ಒಪ್ಪಿಗೆಗೆ ಕಾಯದೆ ನಾನು ಮಾಘ ಮಾಸದಲ್ಲಿ ದಿನ ಗೊತ್ತುಮಾಡಿಸಿ, ಲಗ್ನಪತ್ರಿಕೆ ಅಚ್ಚು ಹಾಕಿಸಿ, ಬಳಗಕ್ಕೆಲ್ಲ ಹಂಚಿದ್ದೇನೆ. ಸುಖಾಗಮನ ಬಯಸುವವರ ಸಾಲಿನಲ್ಲಿ ತಮ್ಮಿಬ್ಬರ ಹೆಸರೂ ಇದೆ, ಅಕ್ಷರಮಾಲೆಯ ಕ್ರಮದಲ್ಲಿ.

ಇಂತು, ಯಾರ ಅಭಿಮಾನಿಯೂ ಅಲ್ಲದ, ಆದರೂ ತಮ್ಮಿಬ್ಬರ ವಿಶ್ವಾಸಿ,
ದ್ರಾಕ್ಷಾಯಣಮ್ಮ

ತಾ.ಕ.: ನಮ್ಮ ಮನೆಯಲ್ಲಿ ಕೂತಿರುವ ಹಸಿರಿನವರಿಗೂ ಮೂರೆಳೆ ವಿಭೂತಿ ಎಳೆದು, ನೀಲಿಯವರಿಗೆ ಹಾಕಿದಷ್ಟೇ ಉದ್ದದ ಚೆಂಡುಹೂವಿನ ಹಾರ ಹಾಕಿ, ಫೋಟೋ ತೆಗೆಸಿ ಅಳಿಯಂದಿರಿಗೆ ಕಳಿಸಿದ್ದೇನೆ. ಮಣ್ಣು ಯಾವಾಗ ಎಂದು ಅವರು ಇನ್ನೂ ಕೇಳಿಲ್ಲ.